ವಿಯೆನ್ನಾದಲ್ಲಿ ಒಂದು ಸೆಮಿಸ್ಟರು

1958ರ ಮಾತು. ಸೋಫಿಯಾ ಕೊರಾದಿ ಎಂಬ ಇಟಲಿಯ ತರುಣಿಯೊಬ್ಬರು ರೋಮ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುತ್ತಿದ್ದರು. ಫುಲ್‌ಬ್ರೈಟ್ ವಿದ್ಯಾರ್ಥಿವೇತನ ದೊರೆತು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದವರು ಅಲ್ಲಿಂದ ಸ್ನಾತಕೋತ್ತರ ಪದವಿಯನ್ನೇ ಪಡೆದು ಊರಿಗೆ ಮರಳಿದರು. ಅಲ್ಲಿ ಓದಿದ ವಿಷಯಗಳನ್ನು ಇಲ್ಲಿಯ ಲೆಕ್ಕಕ್ಕೆ ಹಿಡಿಯಿರಿ ಎಂದು ವಿಶ್ವವಿದ್ಯಾಲಯದ ಕಚೇರಿಯಲ್ಲಿ ಕೇಳಿಕೊಂಡರೆ, ಅಲ್ಲಿದ್ದವರು ಎಲ್ಲರೆದುರು ಗದರಿಸಿ ಕಳಿಸಿದರು. ವಿದೇಶಕ್ಕೆ ಹೋಗಿ ಅಡ್ಡಾಡಿಕೊಂಡು ಬಂದವಳು ಎಂಬ ಧೋರಣೆ. ಪದವಿಗಾಗಿ ಕೊರಾದಿ ಇನ್ನೊಂದು ವರ್ಷ ಕೂತು ಓದಬೇಕಾಯಿತು.

ಆ ಅವಮಾನವನ್ನು ಅವರು ಮರೆಯಲಿಲ್ಲ. ಮುಂದೆ ಇಟಲಿಯ ಕುಲಪತಿಗಳ ಸಂಘಟನೆಗೆ ಸಲಹೆಗಾರರಾದಾಗ, ಒಂದು ದೇಶದಲ್ಲಿ ಕಲಿತದ್ದನ್ನು ಇನ್ನೊಂದು ದೇಶ ಒಪ್ಪಿಕೊಳ್ಳುವ ವ್ಯವಸ್ಥೆ ಬೇಕೆಂದು ಹದಿನೆಂಟು ಇಪ್ಪತ್ತು ವರ್ಷ ಕಾಗದ ಬರೆದರು, ಸಭೆಗಳಲ್ಲಿ ವಾದಿಸಿದರು, ಮಂತ್ರಿಗಳ ಬೆನ್ನು ಹತ್ತಿದರು. ಕೊನೆಗೆ 1987ರಲ್ಲಿ ಯುರೋಪಿಯನ್ ಸಮುದಾಯ ‘ಎರಾಸ್ಮಸ್’ ಎಂಬ ವಿದ್ಯಾರ್ಥಿ ವಿನಿಮಯ ಯೋಜನೆಯನ್ನು ಆರಂಭಿಸಿತು. ರಾಟರ್‌ಡಾಮಿನಲ್ಲಿ ಹುಟ್ಟಿ, ಪ್ಯಾರಿಸ್, ಕೇಂಬ್ರಿಜ್, ಟೂರಿನ್, ಬಾಸೆಲ್ ಎಂದು ಊರೂರು ಅಲೆದ ಹದಿನಾರನೇ ಶತಮಾನದ ವಿದ್ವಾಂಸ ಎರಾಸ್ಮಸನ ಹೆಸರು ಅದಕ್ಕೆ. ಮೊದಲ ವರ್ಷ ಹನ್ನೊಂದು ದೇಶಗಳ 3,244 ವಿದ್ಯಾರ್ಥಿಗಳು ಗಡಿ ದಾಟಿದರು. ಇಂದು ಆ ಸಂಖ್ಯೆ ದಶಲಕ್ಷಗಳಲ್ಲಿದೆ. ‘ಎರಾಸ್ಮಸ್ಸಿನ ಅಮ್ಮ’ ಎಂದೇ ಹೆಸರಾಗಿದ್ದ ಕೊರಾದಿ 2025ರ ಅಕ್ಟೋಬರಿನಲ್ಲಿ, ತಮ್ಮ 91ನೇ ವಯಸ್ಸಿನಲ್ಲಿ ತೀರಿಕೊಂಡರು.

ಇಷ್ಟೆಲ್ಲ ಹೇಳಲು ಕಾರಣವಿದೆ. ಬನ್ನೇರುಘಟ್ಟ ರಸ್ತೆಯ ಐಐಎಂನಿಂದಲೋ ಅಹಮದಾಬಾದು, ಕೋಲ್ಕತ್ತದ ಐಐಎಂಗಳಿಂದಲೋ ಹುಡುಗ ಹುಡುಗಿಯರು ಎರಡನೆಯ ವರ್ಷದಲ್ಲಿ ಮೂರು ನಾಲ್ಕು ತಿಂಗಳ ಮಟ್ಟಿಗೆ ಯುರೋಪಿಗೆ ಹೊರಡುವುದನ್ನು ನಾವೀಗ ಸಾಮಾನ್ಯ ಸಂಗತಿ ಎಂಬಂತೆ ನೋಡುತ್ತೇವೆ. ಆದರೆ ಅದರ ಹಿಂದಿರುವ ಏರ್ಪಾಡು ಸಾಮಾನ್ಯದ್ದಲ್ಲ. ಎರಡು ಶಾಲೆಗಳ ನಡುವೆ ಒಪ್ಪಂದವಾಗುತ್ತದೆ. ಅಲ್ಲಿಂದ ಎಷ್ಟು ಜನ ಇಲ್ಲಿಗೆ ಬರುತ್ತಾರೋ ಹೆಚ್ಚುಕಡಿಮೆ ಅಷ್ಟೇ ಜನ ಇಲ್ಲಿಂದ ಅಲ್ಲಿಗೆ ಹೋಗಬೇಕು. ಬೋಧನಾ ಶುಲ್ಕವನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಶಾಲೆಗೇ ಕಟ್ಟುತ್ತಾರೆ, ಹೋದಲ್ಲಿ ಕಟ್ಟುವಂತಿಲ್ಲ. ನಮ್ಮ ಹಳ್ಳಿಗಳಲ್ಲಿ ಸುಗ್ಗಿಯ ಕಾಲಕ್ಕೆ ನಡೆಯುತ್ತಿದ್ದ ಮುಯ್ಯಾಳಿನ ಪದ್ಧತಿಯನ್ನು ಬಲ್ಲವರಿಗೆ ಇದು ಹೊಸದೆನಿಸದು. ನಿಮ್ಮ ಗದ್ದೆಗೆ ನಮ್ಮ ಆಳು, ನಮ್ಮ ಗದ್ದೆಗೆ ನಿಮ್ಮ ಆಳು. ಕೈಯಿಂದ ಕೈಗೆ ಕಾಸು ಹೋಗುವುದಿಲ್ಲ.

ಕಲಿತದ್ದನ್ನು ಅಳೆಯಲು ಯುರೋಪಿನವರು ಒಂದು ಸೇರು ಪಾವನ್ನೂ ಮಾಡಿಕೊಂಡಿದ್ದಾರೆ. ಒಂದು ವರ್ಷದ ಓದಿಗೆ 60 ಕ್ರೆಡಿಟ್, ಸೆಮಿಸ್ಟರಿಗೆ 30. 1989ರಲ್ಲಿ ಪ್ರಯೋಗವಾಗಿ ಬಂದ ಈ ಅಳತೆ ಈಗ ಲಿಸ್ಬನ್ನಿನಿಂದ ಹೆಲ್ಸಿಂಕಿಯವರೆಗೆ ಚಲಾವಣೆಯ ನಾಣ್ಯ. ನಮ್ಮ ಶಾಲೆಗಳು ಅದನ್ನು ತಮ್ಮ ಲೆಕ್ಕಕ್ಕೆ ಪರಿವರ್ತಿಸಿಕೊಳ್ಳುತ್ತವೆ. ಎರಾಸ್ಮಸ್ಸಿನ ವಿದ್ಯಾರ್ಥಿವೇತನ ಬಹುಕಾಲ ಯುರೋಪಿನ ಒಳಗಿನವರಿಗೆ ಮಾತ್ರ ಇತ್ತು. 2004ರಿಂದ ಎರಾಸ್ಮಸ್ ಮುಂಡುಸ್, 2015ರಿಂದ ಹೊರಗಿನ ವಿಶ್ವವಿದ್ಯಾಲಯಗಳೊಡನೆಯ ವಿನಿಮಯ ನೆರವು ಎಂದು ಬಾಗಿಲು ಸ್ವಲ್ಪ ತೆರೆದಿದೆ. ಆದರೂ ನಮ್ಮ ವ್ಯವಹಾರ ಶಾಲೆಗಳಿಂದ ಹೋಗುವವರಲ್ಲಿ ಹೆಚ್ಚಿನವರದು ಸ್ವಂತ ಖರ್ಚು, ಅಂದರೆ ಅಪ್ಪನ ಉಳಿತಾಯ ಇಲ್ಲವೇ ಬ್ಯಾಂಕಿನ ಸಾಲ.

ಯಾವ ಊರಿಗೆ ಹೋದರೂ ಕಥೆ ಒಂದೇ ಎನ್ನುವಂತಿಲ್ಲ. ಊರೇ ಅರ್ಧ ಪಾಠ. ಅದಕ್ಕಾಗಿ ಇಲ್ಲಿ ಒಂದೇ ಊರನ್ನು ಹಿಡಿದು ನೋಡೋಣ. ಅದು ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ. ಸಂಗೀತದ ಊರೆಂದು ನಾವು ಬಲ್ಲ ಈ ನಗರಕ್ಕೆ ವ್ಯಾಪಾರದ ಪಾಠದ ಹಳೆಯ ಇತಿಹಾಸವೂ ಇದೆ.

1898ರಲ್ಲಿ ಹ್ಯಾಬ್ಸ್‌ಬರ್ಗ್ ಚಕ್ರವರ್ತಿಯ ಸರಕಾರ ಇಲ್ಲಿ ‘ರಫ್ತು ಅಕಾಡೆಮಿ’ಯೊಂದನ್ನು ತೆರೆಯಿತು. ಜರ್ಮನಿಯ ಲೈಪ್‌ಜಿಗ್, ಸ್ವಿಟ್ಜರ್‌ಲೆಂಡಿನ ಸೇಂಟ್ ಗಾಲೆನ್ ನಗರಗಳಲ್ಲೂ ವಾಣಿಜ್ಯ ಶಾಲೆಗಳು ಹುಟ್ಟಿದ ವರ್ಷವೇ ಅದು. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಬಂದದ್ದು ಇನ್ನೂ ಹತ್ತು ವರ್ಷಗಳ ಮೇಲೆ. ದೂರದೇಶಗಳಿಗೆ ಸರಕು ಮಾರಲು ಭಾಷೆ, ನಾಣ್ಯ, ಸುಂಕ, ಸರಕಿನ ಗುಣ ಬಲ್ಲ ತರುಣರು ಬೇಕಾಗಿದ್ದರು. ಅಕಾಡೆಮಿಯ ಮೊದಲ ನೆಲೆ ಬೆರ್ಗ್‌ಗಾಸ್ಸೆ ಎಂಬ ಇಳಿಜಾರಿನ ಬೀದಿಯ 16ನೇ ನಂಬರಿನ ಮನೆಯಲ್ಲಿತ್ತು. ಅದೇ ಬೀದಿಯ 19ನೇ ನಂಬರಿನಲ್ಲಿ ಡಾಕ್ಟರ್ ಸಿಗ್ಮಂಡ್ ಫ್ರಾಯ್ಡ್ ರೋಗಿಗಳ ಕನಸು ಕೇಳುತ್ತ ಕುಳಿತಿದ್ದ. ಒಂದು ಬದಿಗೆ ಜಮಾಖರ್ಚು, ಇನ್ನೊಂದು ಬದಿಗೆ ಅಂತರಂಗ!

ಸಾಮ್ರಾಜ್ಯ ಮುರಿದುಬಿದ್ದ ಮೇಲೆ 1919ರಲ್ಲಿ ಇದು ‘ವಿಶ್ವ ವಾಣಿಜ್ಯದ ಉನ್ನತ ಶಾಲೆ’ ಎನಿಸಿಕೊಂಡಿತು. 1975ರಿಂದ ವಿಯೆನ್ನಾ ಅರ್ಥಶಾಸ್ತ್ರ ಮತ್ತು ವ್ಯವಹಾರ ವಿಶ್ವವಿದ್ಯಾಲಯ. ಊರಿನವರ ಬಾಯಲ್ಲಿ ‘ವೇ ಊ’. 20,000ಕ್ಕೂ ಹೆಚ್ಚು ವಿದ್ಯಾರ್ಥಿಗಳು, 200ಕ್ಕೂ ಹೆಚ್ಚು ಪಾಲುದಾರ ವಿಶ್ವವಿದ್ಯಾಲಯಗಳು. 2013ರಲ್ಲಿ ಅದು ಪ್ರಾಟರ್ ಉದ್ಯಾನದ ಪಕ್ಕದ ಹೊಸ ಆವರಣಕ್ಕೆ ಬಂತು. ನಡುವೆ ಬಾಗಿ ನಿಂತ ಗ್ರಂಥಾಲಯ ಕಟ್ಟಡ ಇರಾಕ್ ಮೂಲದ ವಾಸ್ತುಶಿಲ್ಪಿ ಝಹಾ ಹದೀದ್ ಅವರ ವಿನ್ಯಾಸ. ಒಳಗೆ ಬಿಳಿ ಗೋಡೆಗಳು ಓರೆಯಾಗಿ ಮೇಲೇರುತ್ತವೆ. ಮೊದಲ ಸಲ ಹೋದವರಿಗೆ ಹಡಗಿನೊಳಗೆ ಹೊಕ್ಕಂತೆನಿಸುತ್ತದೆ.

ಈ ಜಾಗಕ್ಕೆ ಇನ್ನೊಂದು ನೆನಪಿದೆ. 1873ರ ಮೇ 1ರಂದು ಇಲ್ಲೇ ಪ್ರಾಟರ್‌ನಲ್ಲಿ ವಿಶ್ವ ವಸ್ತುಪ್ರದರ್ಶನ ಆರಂಭವಾಯಿತು. ಅದಕ್ಕಾಗಿ ಕಟ್ಟಿದ ರೊಟುಂಡೆಯ ಗುಮ್ಮಟ 108 ಮೀಟರ್ ಅಗಲವಿದ್ದು, ಆಗ ಜಗತ್ತಿನಲ್ಲೇ ದೊಡ್ಡದು. ಪ್ರದರ್ಶನ ತೆರೆದು ಎಂಟೇ ದಿನಕ್ಕೆ, ಮೇ 9ರ ಶುಕ್ರವಾರ, ವಿಯೆನ್ನಾದ ಷೇರುಪೇಟೆ ಕುಸಿದುಬಿತ್ತು. ಅದರ ಹಿಂದೆಯೇ ಕಾಲರಾ ಬಂತು. ಯುರೋಪು ಅಮೆರಿಕಗಳಿಗೆ ಹಬ್ಬಿದ ಆ ಆರ್ಥಿಕ ಹಿಂಜರಿತದ ಕಥೆಯನ್ನು ಪಠ್ಯಪುಸ್ತಕದಲ್ಲಿ ಓದುವ ಹುಡುಗ, ತಾನು ಓದುತ್ತ ಕುಳಿತ ನೆಲದ ಆಸುಪಾಸಿನಲ್ಲೇ ಅದು ನಡೆಯಿತೆಂದು ತಿಳಿಯದೆ ಸೆಮಿಸ್ಟರು ಮುಗಿಸಿ ಹೋಗುವುದೂ ಉಂಟು. ರೊಟುಂಡೆ 1937ರಲ್ಲಿ ಸುಟ್ಟು ಹೋಯಿತು.

ಇನ್ನು ನಮ್ಮ ವಿದ್ಯಾರ್ಥಿಯ ವಿಷಯ. ಆಸ್ಟ್ರಿಯಾಕ್ಕೆ ಆರು ತಿಂಗಳ ಒಳಗಿನ ಓದಿಗೆ ‘ಡಿ’ ವರ್ಗದ ವೀಸಾ ಬೇಕು. ಪ್ರವೇಶಪತ್ರ, ವಾಸದ ವ್ಯವಸ್ಥೆ, ವಿಮೆ, ಬ್ಯಾಂಕಿನಲ್ಲಿ ಹಣ ಇದೆಯೆಂಬ ಪುರಾವೆ, ಎಲ್ಲದರ ಕಟ್ಟು ಹಿಡಿದು ಹೋಗಬೇಕು. ವಾಸ ಸಾಮಾನ್ಯವಾಗಿ ವಿದ್ಯಾರ್ಥಿ ನಿಲಯದಲ್ಲಿ. ಇಳಿದ ಮೂರು ದಿನದೊಳಗೆ ಮಾಡಲೇಬೇಕಾದ ಮೊದಲ ಕೆಲಸ ನಗರದ ಕಚೇರಿಯಲ್ಲಿ ಹೆಸರು ನೋಂದಾಯಿಸುವುದು. ‘ಮೆಲ್ಡೆತ್ಸೆಟ್ಟೆಲ್’ ಎಂಬ ಒಂದು ಹಾಳೆ. ಮನೆ ಕೊಟ್ಟವರ ರುಜು ಅದರಲ್ಲಿರಬೇಕು. ಹೆಸರಿನ ಜೊತೆಗೆ ಧರ್ಮ ಯಾವುದೆಂದು ಬರೆಯಲೂ ಅದರಲ್ಲಿ ಒಂದು ಅಂಕಣ ಇರುತ್ತದೆ, ನಮ್ಮವರು ಅಚ್ಚರಿಪಡುವುದುಂಟು. ಈ ಹಾಳೆ ಇಲ್ಲದೆ ಬ್ಯಾಂಕ್ ಖಾತೆ ಕಷ್ಟ, ಎಷ್ಟೋ ಕೆಲಸ ಸಾಗದು. ನಮ್ಮಲ್ಲಿ ರೇಷನ್ ಕಾರ್ಡು ಒಂದು ಕಾಲದಲ್ಲಿ ಏನಾಗಿತ್ತೋ ಅಲ್ಲಿ ಇದು ಅದು.

ಬಂದವರನ್ನು ಎದುರುಗೊಳ್ಳಲು ಅಲ್ಲಿನ ವಿದ್ಯಾರ್ಥಿಯೊಬ್ಬನನ್ನು ಜೊತೆಗೆ ಹಾಕುತ್ತಾರೆ. ಅವನಿಗೆ ಇಂಗ್ಲಿಷಿನಲ್ಲಿ ‘ಬಡ್ಡಿ’ ಎಂದು ಹೆಸರು. ಸಾಲ ಮಾಡಿ ಹೋದ ಕನ್ನಡಿಗನಿಗೆ ಈ ಪದ ಕೇಳಿ ನಗು ಬರುತ್ತದೋ ದಿಗಿಲಾಗುತ್ತದೋ ಹೇಳುವುದು ಕಷ್ಟ! ಆದರೆ ಈ ಬಡ್ಡಿ ಬಹಳ ಉಪಕಾರಿ. ಕೋಣೆಯ ಬೀಗದ ಕೈ ಇಸಿದು ಇಟ್ಟುಕೊಳ್ಳುವುದರಿಂದ ಹಿಡಿದು, ಯಾವ ಕಸ ಯಾವ ಡಬ್ಬಿಗೆ, ರಾತ್ರಿ ಹತ್ತರ ಮೇಲೆ ಏಕೆ ಗಲಾಟೆ ಕೂಡದು ಎಂಬುದರವರೆಗೆ ಅವನೇ ಗುರು.

ಊರಿನಲ್ಲಿ ಓಡಾಡಲು ಭೂಗತ ರೈಲು, ಟ್ರಾಮು, ಬಸ್ಸು. ವಿಯೆನ್ನಾದ ನಿಲ್ದಾಣಗಳಲ್ಲಿ ನಮ್ಮ ಮೆಟ್ರೊದ ಹಾಗೆ ತೆರೆದು ಮುಚ್ಚುವ ಗೇಟುಗಳಿಲ್ಲ. ಟಿಕೇಟು ಕೊಂಡು, ಪುಟ್ಟ ಯಂತ್ರದಲ್ಲಿ ಮುದ್ರೆ ಒತ್ತಿಸಿ ಸುಮ್ಮನೆ ಹತ್ತುವುದು. ಕೇಳುವವರಿಲ್ಲವಲ್ಲ ಎಂದು ಬಿಟ್ಟಿ ಪ್ರಯಾಣ ಮಾಡುವವನ ಪಕ್ಕದಲ್ಲಿ ಒಂದು ದಿನ ಸಾಮಾನ್ಯ ಉಡುಪಿನ ತನಿಖೆಯವರು ಬಂದು ನಿಲ್ಲುತ್ತಾರೆ; ದಂಡ ನೂರು ಯೂರೊಗಿಂತ ಹೆಚ್ಚು. ನಂಬಿಕೆಯ ಮೇಲೆ ನಡೆಯುವ ವ್ಯವಸ್ಥೆಯೊಂದು ಲಾಭನಷ್ಟದ ಲೆಕ್ಕದಲ್ಲಿ ಹೇಗೆ ಗಿಟ್ಟುತ್ತದೆ ಎಂಬುದು ವ್ಯವಹಾರ ಶಾಲೆಯ ತರಗತಿಗೆ ಒಳ್ಳೆಯ ಪ್ರಶ್ನೆ. ನೂರಾರು ಗೇಟು, ಅವುಗಳ ಕಾವಲು, ದುರಸ್ತಿ ಎಲ್ಲ ಉಳಿಯುತ್ತದೆ. ಬಹುಪಾಲು ಜನ ವರ್ಷದ ಇಲ್ಲವೇ ಸೆಮಿಸ್ಟರಿನ ಪಾಸು ಮೊದಲೇ ಕೊಂಡಿರುತ್ತಾರೆ.

ಹಣದ ಲೆಕ್ಕ ಮೊದಲ ತಿಂಗಳು ಕಾಡುತ್ತದೆ. ಒಂದು ಯೂರೊ ಎಂದರೆ ಸುಮಾರು ನೂರು ರೂಪಾಯಿ. ಕಾಫಿ ಮನೆಯ ಒಂದು ಬಟ್ಟಲು ಕಾಫಿಗೆ ಐದಾರು ಯೂರೊ ಎಂದೊಡನೆ ಬೆಂಗಳೂರಿನ ದರ್ಶಿನಿಯ ಲೋಟ ನೆನಪಾಗಿ ಗಂಟಲಿಗೆ ಇಳಿಯದು. ಅನುಭವಿಗಳ ಸಲಹೆ, ಗುಣಾಕಾರ ಮಾಡುವುದನ್ನು ನಿಲ್ಲಿಸು ಎಂಬುದು. ಆದರೆ ಈ ಸಲಹೆ ಎಲ್ಲರಿಗೂ ಸಲ್ಲದು. ಇಪ್ಪತ್ತು ಲಕ್ಷಕ್ಕೂ ಮೀರಿದ ಶಿಕ್ಷಣ ಸಾಲದ ಮೇಲೆ ಇನ್ನಷ್ಟು ಸಾಲ ಮಾಡಿ ಬಂದವನಿಗೆ ಗುಣಾಕಾರ ತಪ್ಪಿದ್ದಲ್ಲ. ಒಂದೇ ತರಗತಿಯ ಒಬ್ಬ ವಾರಕ್ಕೊಂದು ದೇಶ ನೋಡಿಬಂದರೆ ಇನ್ನೊಬ್ಬ ಅಂಗಡಿಯಲ್ಲಿ ಸಂಜೆ ಬೆಲೆ ಇಳಿಸುವ ಬ್ರೆಡ್ಡಿಗೆ ಕಾಯುತ್ತಾನೆ. ಹಾಸ್ಟೆಲಿನಲ್ಲಿ ಒಂದೇ ಊಟ ಮಾಡುತ್ತಿದ್ದಾಗ ಕಾಣದಿದ್ದ ಅಂತರ ಅಲ್ಲಿ ಎದ್ದು ಕಾಣುತ್ತದೆ. ಹಣದ ಅಡಚಣೆಯಿಂದ ಅರ್ಜಿಯನ್ನೇ ಹಾಕದೆ ಉಳಿದವರೂ ಇರುತ್ತಾರೆ. ಅವರ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಉಚಿತವಾಗಿ ಸಿಗುವ ಒಂದು ಐಶ್ವರ್ಯ ಎಂದರೆ ನೀರು. ವಿಯೆನ್ನಾದ ನಲ್ಲಿಯಲ್ಲಿ ಬರುವುದು ಆಲ್ಪ್ಸ್ ಪರ್ವತದ ಬುಗ್ಗೆಗಳ ನೀರು. ಆ 1873ರಲ್ಲೇ, ಷೇರುಪೇಟೆ ಕುಸಿದ ವರ್ಷದ ಅಕ್ಟೋಬರಿನಲ್ಲಿ, ಮೊದಲ ಕಾಲುವೆ ಬಂತು; ಎರಡನೆಯದು 1910ರಲ್ಲಿ. ಪಂಪಿನ ಹಂಗಿಲ್ಲದೆ ಇಳಿಜಾರಿನಲ್ಲೇ ಹರಿದು ಊರು ತಲುಪುತ್ತದೆ. ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಹಂತ ಹಂತವಾಗಿ ಮೇಲೆತ್ತಿ ಕುಡಿಯುವ ಬೆಂಗಳೂರಿನವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಬಾಟಲಿ ನೀರು ಕೊಂಡವರನ್ನು ಅಲ್ಲಿನವರು ಕನಿಕರದಿಂದ ನೋಡುತ್ತಾರೆ. 2025ರ ಜನವರಿಯಿಂದಂತೂ ಪ್ಲಾಸ್ಟಿಕ್ ಬಾಟಲಿ, ತಗಡಿನ ಡಬ್ಬಿಗಳಿಗೆ 25 ಸೆಂಟು ಠೇವಣಿ. ಖಾಲಿ ಬಾಟಲಿ ಹಿಂದಿರುಗಿಸಿದರೆ ವಾಪಸು.

ಊಟದ ಮಾತು. ಮಾಂಸಾಹಾರಿಗಳಿಗೆ ತೊಂದರೆಯಿಲ್ಲ. ಸಸ್ಯಾಹಾರಿ ಮೊದಲ ವಾರ ಚೀಸು ಬೆರೆಸಿದ ಹಿಟ್ಟಿನ ತಿಂಡಿ, ಸೇಬಿನ ಸ್ಟ್ರೂಡೆಲ್ ಎಂದು ಕಾಲ ಕಳೆದು, ಎರಡನೆಯ ವಾರ ಕುಕ್ಕರ್ ಹೊರತೆಗೆಯುತ್ತಾನೆ. ನಾಶ್‌ಮಾರ್ಕ್ಟ್ ಎಂಬ ಸಂತೆಬೀದಿಯ ಸುತ್ತ ಏಷ್ಯಾದ ಅಂಗಡಿಗಳಿವೆ. ತೊಗರಿಬೇಳೆ, ಹುಣಿಸೆಹಣ್ಣು, ಕರಿಬೇವು ಎಲ್ಲ ಸಿಗುತ್ತವೆ. 1970ರ ದಶಕದಲ್ಲಿ ಆಸ್ಪತ್ರೆಗಳಿಗೆ ದಾದಿಯರಾಗಿ ಬಂದ ಕೇರಳದ ಹೆಣ್ಣುಮಕ್ಕಳ ಕುಟುಂಬಗಳು ಇಲ್ಲಿ ಬೇರೂರಿವೆ, ಹಾಗಾಗಿ ತೆಂಗಿನಕಾಯಿಗೆ ಬರವಿಲ್ಲ. ನಿಲಯದ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವಾಗ ಮಾತ್ರ ಎಚ್ಚರ ಬೇಕು. ಸಾಸಿವೆ ಸಿಡಿದು ಒಣಮೆಣಸಿನ ಘಾಟು ಎದ್ದರೆ ಹೊಗೆಯ ಗಂಟೆ ಬಾರಿಸಿ, ಇಡೀ ಕಟ್ಟಡ ಮೆಟ್ಟಿಲಿಳಿದು ಬೀದಿಗೆ ಬರಬೇಕಾದೀತು.

ಅಡುಗೆಗೆ ಬೇಸರವಾದ ದಿನ ‘ವೀನರ್ ದೀವಾನ್’ ಎಂಬ ಪಾಕಿಸ್ತಾನಿ ಊಟದ ಮನೆ ಇದೆ. 2005ರಲ್ಲಿ ಆರಂಭವಾದ ಇದರ ನಿಯಮ ವಿಚಿತ್ರ: ಬೇಕಾದಷ್ಟು ಉಣ್ಣಿ, ತೋಚಿದಷ್ಟು ಕೊಡಿ. ಬೆಲೆ ನಿಗದಿಯ ಬಗ್ಗೆ ಬೆಳಗ್ಗೆ ಮೂರು ಗಂಟೆ ಪಾಠ ಕೇಳಿದವರು ಮಧ್ಯಾಹ್ನ ಇಲ್ಲಿ ಬೇಳೆ ಸಾರು ಉಂಡು, ಎಷ್ಟು ಕೊಡಬೇಕೆಂದು ತಾವೇ ತಲೆ ಕೆರೆದುಕೊಳ್ಳುವುದು ನೋಡಲು ಚೆಂದ.

ಭಾನುವಾರ ಮಾತ್ರ ಊರಿಗೆ ಊರೇ ಬಾಗಿಲು ಹಾಕುತ್ತದೆ. ಶನಿವಾರ ಸಂಜೆ ಆರಕ್ಕೆ ಮುಚ್ಚಿದ ಅಂಗಡಿ ತೆರೆಯುವುದು ಸೋಮವಾರವೇ. ದೊಡ್ಡ ರೈಲು ನಿಲ್ದಾಣಗಳೊಳಗಿನ ಕೆಲವು ಅಂಗಡಿಗಳು ಮಾತ್ರ ಅಪವಾದ. ಮೊದಲ ಭಾನುವಾರ ಉಪವಾಸ ಬಿದ್ದ ಮೇಲೆ ಎಲ್ಲರೂ ಶುಕ್ರವಾರವೇ ಹಾಲು ಮೊಸರು ತಂದಿಡುತ್ತಾರೆ. ಅಂಗಡಿಯವನಿಗೂ ಒಂದು ಭಾನುವಾರ ಇದೆ ಎಂದು ಕಾರ್ಮಿಕ ಸಂಘಗಳೂ ಚರ್ಚೂ ಕೂಡಿ ಉಳಿಸಿಕೊಂಡಿರುವ ಪದ್ಧತಿ ಇದು. ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ಸಾಮಾನು ತರಿಸುವ ಬೆಂಗಳೂರಿನ ಹುಡುಗನಿಗೆ ಇದು ಹಿಂದುಳಿದ ದೇಶದ ಲಕ್ಷಣವಾಗಿ ಕಾಣುವುದೂ ಸಹಜವೇ.

ತರಗತಿಯ ರೀತಿನೀತಿಗಳು ಬೇರೆ. ಜರ್ಮನ್ ಮಾತಾಡುವ ನಾಡುಗಳ ವಿಶ್ವವಿದ್ಯಾಲಯಗಳಲ್ಲಿ ‘ಪಾಂಡಿತ್ಯದ ಕಾಲು ಗಂಟೆ’ ಎಂಬ ಹಳೆಯ ಸಂಪ್ರದಾಯವಿದೆ. ವೇಳಾಪಟ್ಟಿಯಲ್ಲಿ ಸಮಯದ ಮುಂದೆ ‘ಸಿ.ಟಿ.’ ಎಂದಿದ್ದರೆ ಪಾಠ ಹದಿನೈದು ನಿಮಿಷ ತಡವಾಗಿ ಶುರು, ‘ಎಸ್.ಟಿ.’ ಎಂದಿದ್ದರೆ ಸರಿಯಾಗಿ ಅದೇ ನಿಮಿಷಕ್ಕೆ. ಗಡಿಯಾರದ ಗಂಟೆ ಕೇಳಿ ಹೊರಟ ವಿದ್ಯಾರ್ಥಿ ನಡೆದು ಬರಲು ಬೇಕಾದ ಹೊತ್ತು ಅದಂತೆ. ಪಾಠ ಮುಗಿದಾಗ ಚಪ್ಪಾಳೆ ಇಲ್ಲ, ಎಲ್ಲರೂ ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ಮೊದಲ ಸಲ ಕೇಳಿದವನು ಮೇಷ್ಟ್ರ ಮೇಲೆ ಸಿಟ್ಟೆಂದೇ ಭಾವಿಸುತ್ತಾನೆ. ಅಂಕಗಳೂ ತಿರುವುಮುರುವು. 1 ಎಂದರೆ ಅತ್ಯುತ್ತಮ, 5 ಎಂದರೆ ನಪಾಸು. ‘ಅಮ್ಮಾ, ನನಗೆ ಒಂದು ಬಂತು’ ಎಂದು ಫೋನಿನಲ್ಲಿ ಹೇಳಿದರೆ ಆ ಕಡೆ ಗಾಬರಿಯಾಗದಿರಲು ಸಾಧ್ಯವೇ?

ಭಾಷೆಯ ವಿಷಯದಲ್ಲಿ ಕನ್ನಡಿಗನಿಗೆ ಒಂದು ಅನುಕೂಲವಿದೆ. ಇಂಗ್ಲಿಷಿನಲ್ಲಿ ಇಲ್ಲದ ‘ನೀನು-ನೀವು’ ಭೇದ ಜರ್ಮನ್‌ನಲ್ಲಿದೆ: ‘ದು’ ಮತ್ತು ‘ಜೀ’. ಯಾರಿಗೆ ಯಾವುದು ಎಂಬ ಸೂಕ್ಷ್ಮವನ್ನು ಅಮೆರಿಕದ ಹುಡುಗ ತಿಂಗಳುಗಟ್ಟಲೆ ಕಲಿತರೆ, ಧಾರವಾಡದವನಿಗಾಗಲಿ ಮೈಸೂರಿನವನಿಗಾಗಲಿ ಅದು ರಕ್ತದಲ್ಲೇ ಇದೆ. ಬಿರುದಿನ ಮೋಹವೂ ಪರಿಚಿತವೇ. ಹೆರ್ ಮಾಗಿಸ್ಟರ್, ಫ್ರೌ ಡಾಕ್ಟರ್ ಎಂದು ಓದಿದ ಪದವಿಯನ್ನು ಹೆಸರಿನ ಮುಂದೆ ಹಚ್ಚಿ ಕರೆಯುವ ರೂಢಿ ವಿಯೆನ್ನಾದಲ್ಲಿ ಇನ್ನೂ ಅಳಿದಿಲ್ಲ. ಇಂಡಿಯಾದಲ್ಲಿ ಜರ್ಮನ್ ಕಲಿತು ಹೋದವರಿಗೂ ಒಂದು ಪೆಟ್ಟು ಕಾದಿರುತ್ತದೆ. ಟೊಮೇಟೊಗೆ ಜರ್ಮನಿಯ ಮಾತು ಬೇರೆ, ಇಲ್ಲಿ ‘ಪರಡೈಸರ್’, ಅಂದರೆ ಸ್ವರ್ಗದ ಹಣ್ಣು. ಆಲೂಗಡ್ಡೆ ‘ಎರ್ಡ್‌ಎಪ್ಫೆಲ್’, ನೆಲದ ಸೇಬು. ಒಂದೇ ಭಾಷೆಯಲ್ಲಿ ಹುಬ್ಬಳ್ಳಿ ಮಂಗಳೂರುಗಳಷ್ಟು ಅಂತರ!

ಕಾಫಿ ಮನೆಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. 1683ರಲ್ಲಿ ತುರ್ಕರು ಮುತ್ತಿಗೆ ಬಿಟ್ಟು ಓಡಿದಾಗ ಉಳಿದ ಮೂಟೆಗಳಿಂದ ಇಲ್ಲಿ ಕಾಫಿ ಹುಟ್ಟಿತೆಂಬ ಕಥೆ, ನಮ್ಮ ಬಾಬಾಬುಡನ್ ತಂದ ಏಳು ಬೀಜದ ಕಥೆಯಂತೆ, ಎಲ್ಲರಿಗೂ ಪ್ರಿಯವಾದದ್ದು. ದಾಖಲೆಯ ಪ್ರಕಾರ 1685ರಲ್ಲಿ ಆರ್ಮೇನಿಯಾ ಮೂಲದ ಯೋಹಾನೆಸ್ ದಿಯೊದಾತೊ ಎಂಬ ವ್ಯಾಪಾರಿಗೆ ಕಾಫಿ ಮಾರುವ ಸನದು ಸಿಕ್ಕಿತು. ಕಾಫಿಯೊಂದಿಗೆ ಪುಟ್ಟ ತಟ್ಟೆಯಲ್ಲಿ ಒಂದು ಲೋಟ ನೀರು ಬರುತ್ತದೆ. ಮರದ ಚೌಕಟ್ಟಿಗೆ ಸಿಕ್ಕಿಸಿದ ಪತ್ರಿಕೆಗಳಿರುತ್ತವೆ. ಒಂದೇ ಬಟ್ಟಲು ತರಿಸಿ ಮೂರು ಗಂಟೆ ಕೂತರೂ ಏಳು ಎನ್ನುವವರಿಲ್ಲ. 2011ರಲ್ಲಿ ಯುನೆಸ್ಕೊ ಒಪ್ಪಂದದಡಿ ಆಸ್ಟ್ರಿಯಾ ಇದನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಐದಾರು ಯೂರೊ ಕೊಡುವುದು ಕಾಫಿಗಲ್ಲ, ಬೆಚ್ಚಗಿನ ಕುರ್ಚಿಗೆ ಎಂದು ತಿಳಿದ ದಿನ ನಮ್ಮ ಹುಡುಗನಿಗೆ ಆ ದರ ಅಷ್ಟು ಅನ್ಯಾಯವೆನಿಸುವುದಿಲ್ಲ.

ಹಾಗೆಯೇ ಒಪೆರಾ. 1869ರಲ್ಲಿ ತೆರೆದ ರಾಷ್ಟ್ರೀಯ ಒಪೆರಾ ಭವನದಲ್ಲಿ ಸೀಟಿನ ಬೆಲೆ ವಿದ್ಯಾರ್ಥಿಯ ಕೈಗೆಟುಕದು. ಆದರೆ ನಿಂತು ನೋಡುವವರಿಗೆ ಅದರ ಸಣ್ಣ ಪಾಲು ಹಣಕ್ಕೆ ಜಾಗವುಂಟು. ಕತ್ತಿನ ವಸ್ತ್ರವನ್ನು ಕಂಬಿಗೆ ಕಟ್ಟಿದರೆ ಆ ಜಾಗ ನಿಮ್ಮದು. ಬಸ್ಸಿನ ಕಿಟಕಿಯಿಂದ ಟವೆಲು ಹಾಕಿ ಸೀಟು ಹಿಡಿಯುವ ವಿದ್ಯೆ ನಮ್ಮದೊಂದೇ ಅಲ್ಲ ಎಂದಾಯಿತು.

ಇಷ್ಟಾದರೂ ಬಹಳಷ್ಟು ವಿನಿಮಯ ವಿದ್ಯಾರ್ಥಿಗಳು ವಿಯೆನ್ನಾದಲ್ಲಿ ಇರುವುದೇ ಕಡಿಮೆ. ವೀಸಾ ಕೈಯಲ್ಲಿದ್ದರೆ ಷೆಂಗೆನ್ ಒಪ್ಪಂದದ ದೇಶಗಳಲ್ಲೆಲ್ಲ, 180 ದಿನಗಳಲ್ಲಿ 90 ದಿನ, ಓಡಾಡಬಹುದು. ಬ್ರಾಟಿಸ್ಲಾವಾ ರೈಲಿನಲ್ಲಿ ಒಂದು ಗಂಟೆ, ಬುಡಾಪೆಸ್ಟ್ ಎರಡೂವರೆ. ಗುರುವಾರ ರಾತ್ರಿ ಬಸ್ಸು ಹತ್ತಿ ಸೋಮವಾರ ಬೆಳಗ್ಗೆ ನೇರವಾಗಿ ತರಗತಿಗೆ ಬರುವವರು ಎಷ್ಟೋ ಮಂದಿ. ಸೆಮಿಸ್ಟರಿನ ಕೊನೆಗೆ ಹದಿನೈದು ದೇಶಗಳ ಚಿತ್ರಗಳಿರುತ್ತವೆ. ವಿಯೆನ್ನಾದವನೊಬ್ಬನ ಮನೆಯಲ್ಲಿ ಊಟ ಮಾಡಿದ ನೆನಪಿರುವುದಿಲ್ಲ. ಇನ್ನೂ ಒಂದಿದೆ. ಭಾರತದಿಂದ ಹತ್ತು ಜನ ಒಟ್ಟಿಗೆ ಹೋದರೆ ಹತ್ತೂ ಜನ ಒಟ್ಟಿಗೇ ಅಡುಗೆ ಮಾಡಿ, ಒಟ್ಟಿಗೇ ಊರು ಸುತ್ತಿ, ಒಟ್ಟಿಗೇ ಮರಳುತ್ತಾರೆ. ಇದನ್ನು ಬರಿದೆ ದೂರುವುದೂ ಸರಿಯಲ್ಲ. ಅಲ್ಲಿನ ವಿದ್ಯಾರ್ಥಿಗಳಿಗೆ ತಮ್ಮ ಗೆಳೆಯರ ಬಳಗ ಮೊದಲೇ ಇದೆ, ನಾಲ್ಕು ತಿಂಗಳಿಗೆಂದು ಬಂದವನಿಗಾಗಿ ಯಾರು ಜಾಗ ಮಾಡಿಕೊಡುತ್ತಾರೆ? ಆದರೆ ಗುಂಪಿಲ್ಲದೆ ಒಬ್ಬರೇ ಹೋದವರಿಗೆ ಜರ್ಮನ್ ಬೇಗ ಬರುತ್ತದೆ, ಗೆಳೆತನವೂ ಬೇಗ ಕುದುರುತ್ತದೆ ಎಂಬುದನ್ನು ಹೋಗುವವರು ಗಮನಿಸುವುದು ಒಳ್ಳೆಯದು.

ಒಬ್ಬರೇ ಇರುವುದರ ಕಷ್ಟವೂ ಸಣ್ಣದಲ್ಲ. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿಯುತ್ತದೆ. ಅಲ್ಲಿಯವರೆಗೆ ಊರಿಗೂ ಮನೆಗೂ ಮೂರೂವರೆ ಗಂಟೆ ಇದ್ದ ಅಂತರ ನಾಲ್ಕೂವರೆ ಆಗುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗುತ್ತಾನೆ. ರಾತ್ರಿ ಊಟ ಮುಗಿಸಿ ಫೋನು ಮಾಡೋಣವೆಂದರೆ ಊರಿನಲ್ಲಿ ಎಲ್ಲರೂ ಮಲಗಿರುತ್ತಾರೆ. ದೀಪಾವಳಿ ಬರುವುದು ಈ ಮಂಜಿನ ದಿನಗಳ ಆಸುಪಾಸಿನಲ್ಲೇ. ನವೆಂಬರಿನ ನಡುವಿಗೆ ನಗರಸಭೆಯ ಮುಂದೆ ಕ್ರಿಸ್ಮಸ್ ಸಂತೆ ಶುರುವಾಗಿ ದೀಪಗಳು ಹೊತ್ತಿದ ಮೇಲೆ ಮನಸ್ಸು ಸ್ವಲ್ಪ ಹಗುರಾಗುತ್ತದೆ. ಎರಡನೇ ವರ್ಷದ ಎಂಬಿಎ ವಿದ್ಯಾರ್ಥಿಗೆ ಇನ್ನೊಂದು ಆತಂಕ, ಅಂತಿಮ ಪ್ಲೇಸ್‌ಮೆಂಟು. ಜೊತೆಯವರು ಊರಿನಲ್ಲಿ ತಯಾರಿ ನಡೆಸಿದ್ದಾರೆ, ತಾನಿಲ್ಲಿ ಟ್ರಾಮಿನಲ್ಲಿ ಕೂತು ಹಿಮ ನೋಡುತ್ತಿದ್ದೇನೆ ಎಂಬ ಅಳುಕು.

ಆ ಆವರಣದ ಒಂದು ಮೂಲೆಯ ಬಗ್ಗೆ ಹೇಳದಿದ್ದರೆ ಲೇಖನ ಅಪೂರ್ಣ. 1938ರ ಮಾರ್ಚಿನಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾವನ್ನು ನುಂಗಿತು. ‘ವಿಶ್ವ ವಾಣಿಜ್ಯ’ ಎಂದು ಹೆಸರಿಟ್ಟುಕೊಂಡಿದ್ದ ಈ ಶಾಲೆ, ಯಹೂದಿಗಳಾಗಿ ಹುಟ್ಟಿದ ಕಾರಣಕ್ಕೆ ತನ್ನದೇ ವಿದ್ಯಾರ್ಥಿಗಳನ್ನು ಹೊರಹಾಕಿತು. ಕೆಲವರು ದೇಶ ಬಿಟ್ಟು ಬದುಕಿದರು, ಕೆಲವರು ಶಿಬಿರಗಳಲ್ಲಿ ಸತ್ತರು. 2014ರಲ್ಲಿ ಅವರ ನೆನಪಿಗಾಗಿ ಆವರಣದಲ್ಲಿ ಒಂದು ಸ್ಮಾರಕ ನಿಲ್ಲಿಸಿದ್ದಾರೆ. ಹೆಸರುಗಳನ್ನೇ ಹೆಣೆದು ಮಾಡಿದ ಭೂಗೋಳ ಅದು. ಸುತ್ತಲಿನ ಲಿಯೊಪೋಲ್ಡ್‌ಸ್ಟಾಟ್ ಎಂಬ ಎರಡನೇ ಜಿಲ್ಲೆ ಯಹೂದಿಗಳ ಕೇರಿಯಾಗಿತ್ತು. ಅಲ್ಲಿನ ಕಾಲುದಾರಿಗಳಲ್ಲಿ ಹಿತ್ತಾಳೆಯ ‘ನೆನಪಿನ ಕಲ್ಲು’ಗಳನ್ನು ಹುದುಗಿಸಿದ್ದಾರೆ. ಆಸ್ಟ್ರಿಯಾದ ಸುಮಾರು 65,000 ಯಹೂದಿಗಳು ಆ ಏಳು ವರ್ಷಗಳಲ್ಲಿ ಕೊಲೆಯಾದರು. ಇಂದು ತೊಂಬತ್ತು ನೂರು ದೇಶಗಳ ಹುಡುಗರು ನಡೆದಾಡುವ ದಾರಿ ಅದೇ. ಅವಸರದಲ್ಲಿ ರೈಲು ಹಿಡಿಯುವವರು ಆ ಕಲ್ಲುಗಳನ್ನು ದಾಟಿ ಹೋಗುತ್ತಾರೆ, ಒಮ್ಮೆ ನಿಂತು ಓದಿದವರು ಮರುದಿನ ನೋಡಿಕೊಂಡು ನಡೆಯುತ್ತಾರೆ.

ಮ್ಯಾನೇಜ್‌ಮೆಂಟ್ ಓದಿದವರೆಲ್ಲ ಬಲ್ಲ ಪೀಟರ್ ಡ್ರಕರ್ ಹುಟ್ಟಿದ್ದು ಇದೇ ವಿಯೆನ್ನಾದಲ್ಲಿ, 1909ರಲ್ಲಿ. ಹದಿಹರೆಯ ಮುಗಿಯುವ ಮುನ್ನವೇ ಊರು ಬಿಟ್ಟು ಹ್ಯಾಂಬರ್ಗಿಗೆ ವ್ಯಾಪಾರ ಕಲಿಯಲು ಹೋದವನು 1933ರಲ್ಲಿ ಜರ್ಮನಿಯನ್ನೂ ಬಿಟ್ಟು ಇಂಗ್ಲೆಂಡಿಗೆ, ಅಲ್ಲಿಂದ ಅಮೆರಿಕಕ್ಕೆ ಹೋದ. ಮಾರುಕಟ್ಟೆಯ ಸ್ವಾತಂತ್ರ್ಯವೇ ಸರ್ವಸ್ವ ಎಂದ ಹಾಯೆಕ್ ಕೂಡ ಇಲ್ಲಿಯವನೇ. ತಮಾಷೆಯೆಂದರೆ ಅದೇ ಊರಿನ ನಗರಸಭೆ 1920ರ ದಶಕದಿಂದ ಸಾವಿರಾರು ಬಾಡಿಗೆ ಮನೆಗಳನ್ನು ಕಟ್ಟಿ ಬಡವರಿಗೆ ಕೊಡುತ್ತ ಬಂತು. 1930ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ವಸತಿ ಒಂದು ಕಿಲೋಮೀಟರಿಗೂ ಉದ್ದ. ಇಂದಿಗೂ ವಿಯೆನ್ನಾದ ಸುಮಾರು ಅರ್ಧದಷ್ಟು ಜನ ನಗರದ ಇಲ್ಲವೇ ಸಹಾಯಧನದ ಮನೆಗಳಲ್ಲೇ ವಾಸಿಸುತ್ತಾರೆ. ಹತ್ತು ತಿಂಗಳ ಅಡ್ವಾನ್ಸು ಕೊಟ್ಟು ಬೆಂಗಳೂರಿನಲ್ಲಿ ಮನೆ ಹಿಡಿದವರು ಟ್ರಾಮ್ ಹತ್ತಿ ಹೋಗಿ ಅದನ್ನು ನೋಡಿಬರಬೇಕು. ಅದರ ಸಾಧಕ ಬಾಧಕಗಳ ಬಗ್ಗೆ ವಿಯೆನ್ನಾದವರೇ ಕಾಫಿ ಮನೆಗಳಲ್ಲಿ ಇನ್ನೂ ವಾದಿಸುತ್ತಾರೆ. ವ್ಯವಹಾರ ಶಾಲೆಯ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಕ್ಕೀತು?

ಹೊರಡುವ ದಿನ ಬಂದಾಗ ಕೆಲಸಗಳು ಮತ್ತೆ ಕಾಗದದವೇ. ನಗರದ ಕಚೇರಿಯಲ್ಲಿ ಹೆಸರು ತೆಗೆಸಬೇಕು, ಬ್ಯಾಂಕಿನ ಖಾತೆ ಮುಚ್ಚಬೇಕು, ಕೋಣೆಯ ಗೋಡೆ, ಒಲೆ, ಚಾಪೆ ಎಲ್ಲ ಒಪ್ಪಿಸಿ ಠೇವಣಿ ಬಿಡಿಸಿಕೊಳ್ಳಬೇಕು. ಅಂಕಪಟ್ಟಿ ಕೆಲವು ವಾರಗಳ ಮೇಲೆ ಊರಿನ ಶಾಲೆಗೆ ಬರುತ್ತದೆ. ಅಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಯಾರೂ ಗದರಿಸುವುದಿಲ್ಲ. ತೂಕದ ಮಿತಿಗೆ ಸಿಗದೆ ಉಳಿದ ಸಾಮಾನುಗಳನ್ನು, ಅಂದರೆ ಕುಕ್ಕರು, ಅರ್ಧ ಚೀಲ ಅಕ್ಕಿ, ಸಾರಿನ ಪುಡಿಯ ಡಬ್ಬಿ, ದಪ್ಪ ಕೋಟನ್ನು, ನಿಲಯದ ಅಡುಗೆಮನೆಯ ಕಪಾಟಿನಲ್ಲಿ ಮುಂದೆ ಬರುವವರಿಗೆಂದು ಬಿಟ್ಟುಹೋಗುತ್ತಾರೆ.